ಮಾತು ಮರೆತೀತು, ನೋವು ಮರೆಯದು

ಮನೆಯಲ್ಲಿ ವಯೋವೃದ್ಧರೊಬ್ಬರು ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳಿದರೆ, ಹತ್ತನೆಯ ಸಲವೂ ಮೊದಲನೆಯ ಸಲದಷ್ಟೇ ಸಮಾಧಾನದಿಂದ ಉತ್ತರಿಸುವವರು ನಮ್ಮಲ್ಲಿ ಎಷ್ಟು ಜನರಿದ್ದಾರು? ನಾವಂತೂ ಹಾಗೆ ಉತ್ತರಿಸಲಿಲ್ಲ. ಶಾಸ್ತ್ರಗಳನ್ನು ಓದಿದ್ದೆವು, ಸಹನೆಯ ಕುರಿತು ಊರೂರಿಗೆ ಹೋಗಿ ಪ್ರವಚನ ಮಾಡಿದ್ದೆವು. ಆದರೂ ಸಹನೆ ಬೇಕಾದ ಗಳಿಗೆಯಲ್ಲಿ ಅದು ನಮ್ಮ ಕೈಗೆ ಬರಲಿಲ್ಲ. ಆ ತಪ್ಪನ್ನು ಓದುಗ ಬಂಧುಗಳ ಮುಂದೆ ಹೇಳಿಕೊಳ್ಳುವುದಕ್ಕಾಗಿ, ಅದರಿಂದ ಬಹುಕಾಲದ ಮೇಲೆ ಕಲಿತ ಪಾಠವನ್ನು ಹಂಚಿಕೊಳ್ಳುವುದಕ್ಕಾಗಿ ಈ ಲೇಖನ.

ನಾವು ೧೯೭೧ರಲ್ಲಿ, ಹತ್ತು ವರ್ಷದ ಬಾಲಕರಿದ್ದಾಗ, ಉತ್ತರ ಕರ್ನಾಟಕದ ಒಂದು ಮಠದ ಸಂಸ್ಕೃತ ಪಾಠಶಾಲೆಯನ್ನು ಸೇರಿದೆವು. ಅಲ್ಲಿ ನಮಗೆ ಅಮರಕೋಶವನ್ನೂ ವ್ಯಾಕರಣವನ್ನೂ ಹೇಳಿಕೊಟ್ಟ ಗುರುಗಳು ಪುಸ್ತಕವನ್ನು ತೆರೆಯದೆಯೇ ಪಾಠ ಮಾಡುತ್ತಿದ್ದರು. ಬೆಳಗಿನ ಜಾವ ಚಾಪೆಯ ಮೇಲೆ ಕುಳಿತು ನಾವು ಒಪ್ಪಿಸುತ್ತಿದ್ದರೆ, ಅವರು ಕಣ್ಣು ಮುಚ್ಚಿಕೊಂಡೇ ನಮ್ಮ ಒಂದು ಹ್ರಸ್ವ ದೀರ್ಘದ ತಪ್ಪನ್ನೂ ಹಿಡಿಯುತ್ತಿದ್ದರು. ಗಂಟಲಲ್ಲಿರುವುದು ವಿದ್ಯೆ, ಗಂಟಿನಲ್ಲಿರುವುದು ಬರಿಯ ಹೊರೆ ಎಂದು ನಗುತ್ತಿದ್ದರು. ಪಾಠಶಾಲೆಯಲ್ಲಿ ಓದಿಹೋದ ನೂರಾರು ವಿದ್ಯಾರ್ಥಿಗಳ ಹೆಸರು, ಊರು, ತಂದೆಯ ಹೆಸರು ಎಲ್ಲವೂ ಅವರ ನಾಲಿಗೆಯ ತುದಿಯಲ್ಲಿದ್ದವು. ನೆನಪೆಂಬುದು ಮನುಷ್ಯರೂಪವನ್ನು ತಾಳಿದರೆ ಅದು ನಮ್ಮ ಗುರುಗಳಂತಿದ್ದೀತೆಂದು ನಾವು ಭಾವಿಸಿದ್ದೆವು.

ಅಂಥವರಿಗೆ ೨೦೦೩ರ ಸುಮಾರಿಗೆ, ಎಪ್ಪತ್ತೆಂಟರ ಪ್ರಾಯದಲ್ಲಿ, ಮರೆವು ಹತ್ತಿತು. ಮೊದಮೊದಲು ಕನ್ನಡಕ ಎಲ್ಲಿಟ್ಟೆನೆಂಬುದು ಮರೆಯಿತು. ಆಮೇಲೆ ಪ್ರಸಾದ ಸ್ವೀಕರಿಸಿದ್ದು ಮರೆಯಿತು. ಕೈ ತೊಳೆದು ಬಂದವರೇ ಮತ್ತೆ ಪಂಕ್ತಿಯಲ್ಲಿ ಕುಳಿತುಕೊಳ್ಳುತ್ತಿದ್ದರು. ಎಂದೋ ಲಿಂಗೈಕ್ಯರಾದ ತಮ್ಮ ಅಣ್ಣನವರು ಸಂತೆಗೆ ಹೋಗಿ ಬಂದರೋ ಇಲ್ಲವೋ ಎಂದು ವಿಚಾರಿಸುತ್ತಿದ್ದರು. ಅವರಿಗೆ ಸಂಸಾರವಿರಲಿಲ್ಲ. ಮಠವೇ ಮನೆ, ಶಿಷ್ಯರೇ ಮಕ್ಕಳು. ಆದುದರಿಂದ ಅವರ ಆರೈಕೆಯ ಹೊಣೆ ನಮ್ಮ ಮೇಲೆ ಬಂದಿತು. ನಾವದನ್ನು ಭಾಗ್ಯವೆಂದೇ ಸ್ವೀಕರಿಸಿದೆವು. ಆದರೆ ಭಾಗ್ಯವನ್ನು ದಿನವೂ ಹೊರುವುದು ಸುಲಭವಲ್ಲ.

೨೦೦೫ರ ಶ್ರಾವಣದ ಒಂದು ಮಧ್ಯಾಹ್ನ. ಅಚ್ಚಿಗೆ ಹೋಗಬೇಕಿದ್ದ ಗ್ರಂಥವೊಂದರ ಕರಡನ್ನು ನಾವು ತಿದ್ದುತ್ತಿದ್ದೆವು. ಗುರುಗಳು ಬಾಗಿಲಲ್ಲಿ ಬಂದು ನಿಂತು, 'ತಮ್ಮಾ, ನಮ್ಮೂರ ಬಸ್ಸು ಹೋಯಿತೇನು?' ಎಂದರು. ಅವರ ಊರಿನಲ್ಲಿ ಅವರವರೆಂಬುವರು ಯಾರೂ ಉಳಿದಿರಲಿಲ್ಲ. 'ಬಸ್ಸು ನಾಳೆ ಇದೆ, ಅಪ್ಪಗಳೇ' ಎಂದೆವು. ಹೋದರು, ಮತ್ತೆ ಬಂದರು, ಮತ್ತೆ ಕೇಳಿದರು. ಏಳನೆಯದೋ ಎಂಟನೆಯದೋ ಸಲಕ್ಕೆ ನಮ್ಮ ಲೇಖನಿ ಕೈಯಿಂದ ಜಾರಿತು, ನಾಲಿಗೆಯೂ ಜಾರಿತು. 'ಎಷ್ಟು ಸಲ ಹೇಳಬೇಕು ನಿಮಗೆ? ಕೇಳಿದ್ದನ್ನೇ ಕೇಳುವುದಕ್ಕೆ ನಾಚಿಕೆಯಾಗುವುದಿಲ್ಲವೇ?' ಎಂದುಬಿಟ್ಟೆವು.

ಅವರು ಏನೂ ಅನ್ನಲಿಲ್ಲ, ಹೊರಟುಹೋದರು. ಹತ್ತು ನಿಮಿಷದಲ್ಲಿ ಮರೆತುಬಿಡುತ್ತಾರೆ ಬಿಡು ಎಂದು ನಮ್ಮ ಮನಸ್ಸು ನಮಗೆ ಸಮಾಧಾನ ಹೇಳಿತು. ನಿಜವಾಗಿಯೂ ಮರೆತಿದ್ದರು. ಆದರೆ ಆ ಸಂಜೆ ಅವರು ಗೋಡೆಯ ಕಡೆ ಮುಖ ಮಾಡಿ ಕುಳಿತವರು ಪ್ರಸಾದಕ್ಕೆ ಏಳಲಿಲ್ಲ. ಏಕೆಂದು ಕೇಳಲು ಹೋದ ನಮ್ಮ ಕೈ ಹಿಡಿದುಕೊಂಡು, 'ಏನೋ ತಪ್ಪು ಮಾಡೀನಿ, ತಮ್ಮಾ. ಏನಂತ ನೆನಪಾಗವಲ್ಲದು' ಎಂದರು. ನಾವಾಡಿದ ಮಾತು ಅವರಲ್ಲಿ ಉಳಿದಿರಲಿಲ್ಲ, ಆಡಿದವರು ಯಾರೆಂಬುದೂ ಉಳಿದಿರಲಿಲ್ಲ. ನೋವು ಮಾತ್ರ ಉಳಿದಿತ್ತು. ಕಾರಣ ತಿಳಿಯದ ಆ ನೋವಿಗೆ ಅವರು ತಮ್ಮನ್ನೇ ಕಾರಣರನ್ನಾಗಿ ಮಾಡಿಕೊಂಡಿದ್ದರು.

ಮರುದಿನ ಬೆಳಗ್ಗೆ ಮತ್ತೊಂದು ಸೋಜಿಗವನ್ನು ಕಂಡೆವು. ಹಿಂದಿನ ದಿನದ ಯಾವುದೊಂದೂ ನೆನಪಿರದ ಅದೇ ಗುರುಗಳು ಮಿಂದು ಬಂದು ಆಸನದ ಮೇಲೆ ಕುಳಿತರು. ಬೆರಳುಗಳು ತಾವಾಗಿಯೇ ವಿಭೂತಿಯನ್ನು ತೆಗೆದುಕೊಂಡವು, ಕರಡಿಗೆಯನ್ನು ಬಿಚ್ಚಿದವು, ಲಿಂಗವನ್ನು ಎಡ ಅಂಗೈಗೆ ಬಿಜಯಂಗೈಸಿದವು, ಅಗ್ಘವಣಿಯನ್ನು ಎರೆದು ಪತ್ರೆಯನ್ನು ಏರಿಸಿದವು. ಒಂದು ಕ್ರಮವೂ ತಪ್ಪಲಿಲ್ಲ. ನಾವು ಅಮರಕೋಶದ ಒಂದು ಶ್ಲೋಕದ ಮೊದಲ ಪಾದವನ್ನು ಎತ್ತಿಕೊಟ್ಟರೆ ಉಳಿದ ಮೂರನ್ನೂ ಅವರು ನಿರಾಯಾಸವಾಗಿ ಮುಗಿಸುತ್ತಿದ್ದರು. ನಿನ್ನೆಯನ್ನು ಮರೆತವರು ಅರವತ್ತು ವರ್ಷದ ಹಿಂದಿನದನ್ನು ಮರೆತಿರಲಿಲ್ಲ. ತಲೆ ಮರೆತದ್ದನ್ನು ಕೈ ಮರೆತಿರಲಿಲ್ಲ. ಮಾತು ಅಳಿದಿತ್ತು, ಭಾವ ಅಳಿದಿರಲಿಲ್ಲ. ಇದೆಂಥ ಮರೆವು? ೨೦೦೭ರಲ್ಲಿ ಅವರು ಲಿಂಗೈಕ್ಯರಾದ ಮೇಲೂ ಈ ಒಗಟು ನಮ್ಮನ್ನು ಬಿಡಲಿಲ್ಲ.

ಮಠದ ಪ್ರಸಾದನಿಲಯದಲ್ಲಿದ್ದು ಓದಿ, ಮುಂದೆ ನರರೋಗ ತಜ್ಞನಾದ ಒಬ್ಬ ಹಳೆಯ ವಿದ್ಯಾರ್ಥಿಯ ಮುಂದೆ ಒಮ್ಮೆ ಇದನ್ನೆಲ್ಲ ಹೇಳಿಕೊಂಡೆವು. ಆತ ಉತ್ತರ ಹೇಳುವುದಕ್ಕೆ ಮೊದಲು, ೨೦೧೧ರಲ್ಲಿ, ನಮ್ಮನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮಿದುಳಿನ ಸಂಗ್ರಹಾಲಯಕ್ಕೆ ಕರೆದೊಯ್ದ. ಅದೇ ಸಂಸ್ಥೆಯಲ್ಲಿ ೧೯೯೫ರಿಂದ ಮಿದುಳಿನ ಬ್ಯಾಂಕೂ ಇದೆ. ಮರಣಾನಂತರ ಬಂಧುಗಳು ದಾನವಾಗಿ ಕೊಟ್ಟ ಮಿದುಳುಗಳನ್ನು ಅಲ್ಲಿ ಸಂಶೋಧನೆಗಾಗಿ ಕಾಪಾಡುತ್ತಾರೆ. ಸಂಗ್ರಹಾಲಯದಲ್ಲಿ ಸಂರಕ್ಷಿಸಿದ ಒಂದು ಮಿದುಳನ್ನು ನಮ್ಮ ಅಂಗೈಯಲ್ಲಿ ಇಟ್ಟರು. ಬೂದು ಬಣ್ಣದ, ಅಕ್ರೋಟಿನ ತಿರುಳಿನಂತೆ ಮಡಿಕೆಮಡಿಕೆಯಾದ ಆ ವಸ್ತುವನ್ನು ಹಿಡಿದು ನಾವು ಬಹಳ ಹೊತ್ತು ಮಾತಾಡಲಿಲ್ಲ. ಒಬ್ಬ ಮನುಷ್ಯ ಯಾರನ್ನೆಲ್ಲ ಪ್ರೀತಿಸಿದ್ದನೋ, ಯಾವುದಕ್ಕೆಲ್ಲ ಅಂಜಿದ್ದನೋ, ಅದೆಲ್ಲವೂ ಒಂದು ಕಾಲದಲ್ಲಿ ಇದರೊಳಗೆ ಮಿಡಿದಿತ್ತಲ್ಲವೇ?

ಮನುಷ್ಯನ ಮಿದುಳು ಸುಮಾರು ಒಂದೂಕಾಲರಿಂದ ಒಂದೂವರೆ ಕಿಲೋ ತೂಗುತ್ತದೆ. ಅದರಲ್ಲಿ ಸುಮಾರು ೮,೬೦೦ ಕೋಟಿ ನರಕೋಶಗಳಿವೆಯೆಂದು ಅಂದಾಜು. ದೇಹದ ತೂಕದ ನೂರಕ್ಕೆ ಎರಡು ಪಾಲಿನಷ್ಟೇ ಇದ್ದರೂ ದೇಹ ವ್ಯಯಿಸುವ ಶಕ್ತಿಯಲ್ಲಿ ನೂರಕ್ಕೆ ಇಪ್ಪತ್ತು ಪಾಲನ್ನು ಅದು ಬಳಸುತ್ತದೆ. ನಾವು ನೆನಪನ್ನು ಒಂದು ಪೆಟ್ಟಿಗೆಯೆಂದು ತಿಳಿದಿರುತ್ತೇವೆ. ಪೆಟ್ಟಿಗೆ ತುಂಬಿದ್ದರೆ ಎಲ್ಲವೂ ಇದೆ, ಬರಿದಾದರೆ ಏನೂ ಇಲ್ಲ ಎಂದುಕೊಳ್ಳುತ್ತೇವೆ. ವೈದ್ಯಮಿತ್ರ ಹೇಳಿದ್ದು ಬೇರೆ. ನೆನಪು ಒಂದು ಪೆಟ್ಟಿಗೆಯಲ್ಲ, ಹಲವು ಕೋಣೆಗಳ ತೊಟ್ಟಿಮನೆ. ಒಂದು ಕೋಣೆಯ ದೀಪ ಆರಿದರೆ ಇಡೀ ಮನೆ ಕತ್ತಲಾಗಬೇಕೆಂದಿಲ್ಲ.

ಈ ಸತ್ಯವನ್ನು ಜಗತ್ತು ಅರಿತದ್ದು ಮುಖ್ಯವಾಗಿ ಅಮೆರಿಕೆಯ ಒಬ್ಬ ಸಾಮಾನ್ಯ ಮನುಷ್ಯನಿಂದ. ಆತನ ಹೆಸರು ಹೆನ್ರಿ ಮೊಲೈಸನ್. ಜನನ ೧೯೨೬ರಲ್ಲಿ. ಬಾಲ್ಯದಿಂದಲೂ ಆತನನ್ನು ಮೂರ್ಛೆರೋಗ ಕಾಡುತ್ತಿತ್ತು. ಯಾವ ಔಷಧಕ್ಕೂ ಅದು ಬಗ್ಗದಿರಲು ೧೯೫೩ರಲ್ಲಿ, ಆತನ ೨೭ನೆಯ ವಯಸ್ಸಿನಲ್ಲಿ, ಹಾರ್ಟ್‌ಫರ್ಡ್ ನಗರದ ಶಸ್ತ್ರವೈದ್ಯ ವಿಲಿಯಂ ಸ್ಕೋವಿಲ್ ಮಿದುಳಿನ ಎರಡೂ ಪಾರ್ಶ್ವಗಳ ಒಳಭಾಗದಿಂದ ಕೊಂಚ ಅಂಶವನ್ನು ತೆಗೆದುಹಾಕಿದನು. ಹಾಗೆ ಹೋದುದರಲ್ಲಿ ಹಿಪೊಕ್ಯಾಂಪಸ್ ಎಂಬ ಭಾಗದ ಬಹುಪಾಲೂ ಸೇರಿತ್ತು. ಕಡಲಕುದುರೆಯೆಂಬ ಮೀನಿನ ಆಕಾರವನ್ನು ಹೋಲುವುದರಿಂದ ಅದಕ್ಕೆ ಆ ಗ್ರೀಕ್ ಹೆಸರು. ಮೂರ್ಛೆಯೇನೋ ಬಹಳಮಟ್ಟಿಗೆ ಇಳಿಯಿತು. ಆದರೆ ಅಂದಿನಿಂದ ಹೆನ್ರಿಗೆ ಹೊಸ ಸಂಗತಿ ಯಾವುದೂ ನೆನಪಿನಲ್ಲಿ ನಿಲ್ಲಲಿಲ್ಲ. ಉಂಡದ್ದು, ಕಂಡದ್ದು, ಕೇಳಿದ್ದು ಎಲ್ಲವೂ ಗಮನ ಆಚೀಚೆ ಹೊರಳಿದೊಡನೆ ಅಳಿಸಿಹೋಗುತ್ತಿದ್ದವು. ಬುದ್ಧಿ ಮಂಕಾಗಿರಲಿಲ್ಲ, ಮಾತು ಸೊಗಸಾಗಿತ್ತು, ಬಾಲ್ಯದ ನೆನಪುಗಳು ಉಳಿದಿದ್ದವು. ಬಾಗಿಲು ಮಾತ್ರ ಮುಚ್ಚಿತ್ತು.

ಕೆನಡಾದ ಮಾಂಟ್ರಿಯಲ್‌ನಿಂದ ಬಂದ ಬ್ರೆಂಡಾ ಮಿಲ್ನರ್ ಎಂಬ ವಿದುಷಿ ಆತನನ್ನು ವರ್ಷಗಳ ಕಾಲ ಪರೀಕ್ಷಿಸಿದಳು. ಪ್ರತಿಸಲವೂ ಆತನಿಗೆ ಆಕೆ ಹೊಸಬಳೇ. ೧೯೫೭ರಲ್ಲಿ ಸ್ಕೋವಿಲ್ ಮತ್ತು ಮಿಲ್ನರ್ ಜೊತೆಯಾಗಿ ಪ್ರಕಟಿಸಿದ ಪ್ರಬಂಧವು ಹಿಪೊಕ್ಯಾಂಪಸ್‌ಗೂ ನೆನಪಿಗೂ ಇರುವ ನಂಟನ್ನು ಲೋಕಕ್ಕೆ ತಿಳಿಸಿತು. ಇನ್ನೂ ಸೋಜಿಗದ ಸಂಗತಿ ಮುಂದಿದೆ. ಕನ್ನಡಿಯಲ್ಲಿ ಮಾತ್ರ ಕೈಯನ್ನು ನೋಡುತ್ತ ನಕ್ಷತ್ರದ ಅಂಚಿನಲ್ಲಿ ಗೆರೆ ಎಳೆಯುವ ಕಠಿನ ಕೆಲಸವನ್ನು ಮಿಲ್ನರ್ ಆತನಿಗೆ ಮೂರು ದಿನ ಕೊಟ್ಟಳು. ದಿನದಿಂದ ದಿನಕ್ಕೆ ಆತನ ಕೈ ಪಳಗಿತು. ಮೂರನೆಯ ದಿನ ಗೆರೆ ನೇರ್ಪಾಗಿ ಬಂದಿತು. ಆದರೆ ಆ ಕೆಲಸವನ್ನು ಹಿಂದೆಂದಾದರೂ ಮಾಡಿದ್ದೇನೆಂಬ ಅರಿವೇ ಆತನಿಗೆ ಇರಲಿಲ್ಲ. ಕೈ ಕಲಿತಿತ್ತು, ಕಲಿತೆನೆಂಬುದನ್ನು ತಲೆ ಅರಿಯದು.

ಇದನ್ನು ಕೇಳಿದೊಡನೆ ಗುರುಗಳ ಬೆರಳುಗಳು ನಮ್ಮ ಕಣ್ಣ ಮುಂದೆ ಬಂದವು. ಇಂದು ನಡೆದ ಘಟನೆಯನ್ನು ನಾಳೆಗೆ ಉಳಿಸಿಕೊಡುವ ಕೆಲಸಕ್ಕೆ ಹಿಪೊಕ್ಯಾಂಪಸ್ ಬೇಕೇ ಬೇಕು. ಹಳೆಯ, ಮತ್ತೆ ಮತ್ತೆ ಮೆಲುಕು ಹಾಕಿದ ವಿದ್ಯೆಯು ಮಿದುಳಿನ ಹೊರಪದರದಲ್ಲಿ ಹರಡಿಕೊಂಡು ಬೇರೂರಿರುತ್ತದೆ. ಕೈಕೆಲಸದ ರೂಢಿಗಳಾದರೋ ಮಿದುಳಿನ ಆಳದಲ್ಲಿರುವ ಗಂಟುಗಳನ್ನೂ ಹಿಂಬದಿಯ ಅನುಮಸ್ತಿಷ್ಕವನ್ನೂ ಆಶ್ರಯಿಸಿವೆ. ಜರ್ಮನಿಯ ವೈದ್ಯ ಆಲೋಯಿಸ್ ಆಲ್ಜೈಮರ್ ೧೯೦೬ರಲ್ಲಿ ಮೊದಲು ವಿವರಿಸಿದ, ಇಂದು ಆತನ ಹೆಸರಿನಿಂದಲೇ ಕರೆಯುವ ಮರೆವಿನ ರೋಗವು ಬಹುಮಟ್ಟಿಗೆ ಹಿಪೊಕ್ಯಾಂಪಸ್ ಮತ್ತು ಅದರ ನೆರೆಯ ಭಾಗಗಳನ್ನು ಮೊದಲು ಹಿಡಿಯುತ್ತದೆ. ಆದುದರಿಂದಲೇ ನಿನ್ನೆ ಮೊದಲು ಹೋಗುತ್ತದೆ, ಬಾಲ್ಯ ಕಡೆಯಲ್ಲಿ ಹೋಗುತ್ತದೆ. ಐವತ್ತು ಅರವತ್ತು ವರ್ಷ ಒಂದು ದಿನವೂ ತಪ್ಪದೆ ಮಾಡಿದ ಪೂಜೆಯು ಬೆರಳುಗಳಲ್ಲಿ ಬಹುಕಾಲ ಉಳಿಯುತ್ತದೆ.

ಹಾಗಾದರೆ ಆ ಸಂಜೆಯ ನೋವು? ಅದಕ್ಕೂ ವೈದ್ಯಮಿತ್ರನ ಬಳಿ ಉತ್ತರವಿತ್ತು. ಜಿನೀವಾದ ಎದ್ವಾರ್ ಕ್ಲಪರೇಡ್ ಎಂಬ ವೈದ್ಯ ೧೯೧೧ರಲ್ಲಿ ಬರೆದ ಪ್ರಸಂಗವಿದು. ಆತನ ಬಳಿ ಮರೆವಿನ ರೋಗಿಯಾದ ಒಬ್ಬ ಹೆಂಗಸಿದ್ದಳು. ದಿನವೂ ಕಾಣುತ್ತಿದ್ದರೂ ಆಕೆ ವೈದ್ಯನ ಗುರುತು ಹಿಡಿಯುತ್ತಿರಲಿಲ್ಲ. ಒಂದು ದಿನ ಆತ ಬೆರಳ ಸಂದಿಯಲ್ಲಿ ಸೂಜಿಯೊಂದನ್ನು ಅಡಗಿಸಿಕೊಂಡು ಆಕೆಯ ಕೈ ಹಿಡಿದ. ಸೂಜಿ ಚುಚ್ಚಿತು. ಆ ಘಟನೆ ಆಕೆಗೆ ಬೇಗನೆ ಮರೆತುಹೋಯಿತು. ಆದರೆ ಮತ್ತೆ ಆತ ಕೈ ಚಾಚಿದಾಗ ಆಕೆ ತನ್ನ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಏಕೆಂದು ಸ್ಪಷ್ಟವಾಗಿ ಹೇಳಲು ಆಕೆಗೆ ಬರಲಿಲ್ಲ.

ನೂರು ವರ್ಷಗಳ ಮೇಲೆ ಅಮೆರಿಕೆಯ ಅಯೋವಾ ವಿಶ್ವವಿದ್ಯಾಲಯದ ವಿದ್ವಾಂಸರು ಇದನ್ನು ಇನ್ನಷ್ಟು ದೃಢಪಡಿಸಿದರು. ಹಿಪೊಕ್ಯಾಂಪಸ್ ಕೆಟ್ಟಿದ್ದ ಐವರು ರೋಗಿಗಳಿಗೆ ದುಃಖದ ಮತ್ತು ಸಂತೋಷದ ಚಲನಚಿತ್ರದ ತುಣುಕುಗಳನ್ನು ತೋರಿಸಿ, ೨೦೧೦ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ೨೦೧೪ರಲ್ಲಿ ಆಲ್ಜೈಮರ್ ರೋಗಿಗಳ ಮೇಲೆ ನಡೆದ ಅಂಥದೇ ಅಧ್ಯಯನವೂ ಪ್ರಕಟವಾಯಿತು. ಕಂಡ ಚಿತ್ರ ನಿಮಿಷಗಳಲ್ಲಿ ಅವರಿಗೆ ಮರೆತುಹೋಯಿತು. ಅದರಿಂದ ಹುಟ್ಟಿದ ದುಃಖವೂ ಸಂತೋಷವೂ ಮಾತ್ರ ಅದಾದ ಮೇಲೂ ಅವರಲ್ಲಿ ಉಳಿದಿದ್ದವು. ಈ ಎರಡನೆಯ ಅಧ್ಯಯನವನ್ನು ಮಿತ್ರನು ಮುಂದೊಂದು ದಿನ ನಮಗೆ ಓದಿ ಹೇಳಿದಾಗ ನಮ್ಮ ಎದೆ ಭಾರವಾಯಿತು. ಮರೆತುಬಿಡುತ್ತಾರೆ ಬಿಡು ಎಂದುಕೊಂಡಿದ್ದ ನಮ್ಮ ಸಮಾಧಾನ ಎಂಥ ಸುಳ್ಳಾಗಿತ್ತು! ನಮ್ಮ ಮಾತು ಆ ವೈದ್ಯನ ಸೂಜಿಯಾಗಿತ್ತು. ಸೂಜಿಯನ್ನು ಗುರುಗಳು ಮರೆತರು, ಚುಚ್ಚಿದ್ದನ್ನು ಮರೆಯಲಿಲ್ಲ. ಆರೋಗ್ಯವಂತರಿಗೆ ಬೈದರೆ ಅವರು ಕಾರಣವನ್ನಾದರೂ ನೆನೆದು ಮನಸ್ಸಿಗೆ ಸಮಾಧಾನ ಹೇಳಿಕೊಂಡಾರು. ಇವರಿಗೆ ಆ ದಾರಿಯೂ ಇಲ್ಲ.

ಮರೆವಿನಷ್ಟೇ ಮನೆಯವರನ್ನು ನೋಯಿಸುವುದು ನಡತೆಯ ಬದಲಾವಣೆ. ಎಂದೂ ಗಟ್ಟಿಯಾಗಿ ಮಾತನಾಡದ ನಮ್ಮ ಗುರುಗಳು ಕಡೆಯ ವರ್ಷಗಳಲ್ಲಿ, ತಮ್ಮ ಪುಸ್ತಕವನ್ನು ಸೇವೆಯ ಹುಡುಗ ಕದ್ದನೆಂದು ಆರೋಪಿಸುತ್ತಿದ್ದರು. ಅನೇಕ ಮನೆಗಳಲ್ಲಿ ಅತ್ತೆಯವರು ಸೊಸೆಯೇ ಬಂಗಾರ ಕದ್ದಳೆಂದು ಹೇಳಿ, ಅಲ್ಲಿಂದ ಮನೆ ಎರಡು ಹೋಳಾದುದನ್ನು ನಾವು ಬಲ್ಲೆವು. ಇದು ಗುಣದ ಕೇಡೋ, ಅಂಗದ ಕೇಡೋ?

೧೮೪೮ರ ಸೆಪ್ಟೆಂಬರ್ ೧೩ರಂದು ಅಮೆರಿಕೆಯ ವರ್ಮಾಂಟ್ ಪ್ರಾಂತದಲ್ಲಿ ರೈಲುದಾರಿಗಾಗಿ ಬಂಡೆ ಸಿಡಿಸುತ್ತಿದ್ದಾಗ, ಫಿನಿಯಸ್ ಗೇಜ್ ಎಂಬ ೨೫ ವರ್ಷದ ಮೇಸ್ತ್ರಿಯ ಎಡಗೆನ್ನೆಯಿಂದ ಹೊಕ್ಕ ಮೂರೂವರೆ ಅಡಿಗೂ ಮಿಕ್ಕ ಉದ್ದದ ಕಬ್ಬಿಣದ ಸಲಾಕೆಯೊಂದು ನೆತ್ತಿಯಿಂದ ಹೊರಬಿದ್ದಿತು. ಆತ ಬದುಕಿದ. ನಡೆದಾಡಿದ, ಮಾತಾಡಿದ, ನೆನಪೂ ಇತ್ತು. ಆದರೆ ಮಿದುಳಿನ ಮುಂಭಾಗಕ್ಕೆ ಪೆಟ್ಟು ಬಿದ್ದುದರಿಂದ, ಶಾಂತನೂ ಕಾರ್ಯದಕ್ಷನೂ ಆಗಿದ್ದವನು ಸಿಡುಕನೂ ಚಂಚಲನೂ ಆದನೆಂದು ಆತನಿಗೆ ಚಿಕಿತ್ಸೆ ಮಾಡಿದ ವೈದ್ಯ ಜಾನ್ ಹಾರ್ಲೊ ಬರೆದಿಟ್ಟಿದ್ದಾನೆ. ಮುಂದೆ ಗೇಜ್ ಚಿಲಿ ದೇಶದಲ್ಲಿ ವರ್ಷಗಟ್ಟಲೆ ಕುದುರೆಗಾಡಿ ಓಡಿಸಿ ದುಡಿದನೆಂಬುದೂ ದಾಖಲಾಗಿದೆ. ಆದುದರಿಂದ ಆತ ಬಹುಮಟ್ಟಿಗೆ ಚೇತರಿಸಿಕೊಂಡಿದ್ದಿರಬೇಕೆಂದು ಇತ್ತೀಚಿನ ವಿದ್ವಾಂಸರು ಹೇಳುತ್ತಾರೆ. ಇಲ್ಲಿ ಎರಡು ಪಾಠಗಳಿವೆ. ನಾವು ಸ್ವಭಾವವೆಂದು ಕರೆಯುವುದು ಮಿದುಳಿನ ಆರೋಗ್ಯವನ್ನೂ ಅವಲಂಬಿಸಿದೆ. ಮತ್ತು ಕೆಟ್ಟದ್ದೆಲ್ಲ ಕೆಟ್ಟೇ ಉಳಿಯಬೇಕೆಂದಿಲ್ಲ.

ಮಿದುಳು ನಮ್ಮನ್ನು ರೂಪಿಸುವಂತೆ ನಮ್ಮ ಅಭ್ಯಾಸವೂ ಮಿದುಳನ್ನು ರೂಪಿಸುತ್ತದೆ. ಲಂಡನ್ ನಗರದ ಸಾವಿರಾರು ಬೀದಿಗಳನ್ನು ಬಾಯಿಪಾಠ ಮಾಡಿಕೊಳ್ಳಬೇಕಾದ ಟ್ಯಾಕ್ಸಿ ಚಾಲಕರಲ್ಲಿ ಹಿಪೊಕ್ಯಾಂಪಸ್‌ನ ಹಿಂಭಾಗ ದೊಡ್ಡದಾಗಿರುವುದನ್ನು ೨೦೦೦ದಲ್ಲಿ ಎಲಿನಾರ್ ಮಗ್ವಾಯರ್ ಮತ್ತು ಸಂಗಡಿಗರು ತೋರಿಸಿದರು. ನಮ್ಮ ದೇಶದಲ್ಲಿಯೇ ೨೧ ಜನ ವೇದಪಾಠಿ ಪಂಡಿತರ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದ ಅಧ್ಯಯನವು ೨೦೧೬ರಲ್ಲಿ ಪ್ರಕಟವಾಯಿತು. ನುಡಿಗೂ ನೆನಪಿಗೂ ಸಂಬಂಧಿಸಿದ ಭಾಗಗಳು ಅವರಲ್ಲಿ ಇತರರಿಗಿಂತ ಭಿನ್ನವಾಗಿ ಬೆಳೆದಿದ್ದವು. ಹಾಗೆಂದು ಬಾಯಿಪಾಠ ಮಾಡಿದವರಿಗೆ ಮರೆವಿನ ರೋಗ ಬಾರದೆಂದು ಯಾರೂ ತಿಳಿಯಬಾರದು. ನಮ್ಮ ಗುರುಗಳಿಗಿಂತ ಹೆಚ್ಚು ಬಾಯಿಪಾಠ ಮಾಡಿದವರನ್ನು ನಾವು ಕಂಡಿಲ್ಲ. ಅವರಿಗೂ ಅದು ಬಂದಿತು.

ಆದುದರಿಂದ ಮಾತೆಯರಲ್ಲಿ, ಬಂಧುಗಳಲ್ಲಿ ನಮ್ಮ ಅರಿಕೆ ಇಷ್ಟು. ಹಿರಿಯರಲ್ಲಿ ಮರೆವು ಕಂಡರೆ ಅರುಳುಮರುಳೆಂದು ಮೂಲೆಗೆ ಕೂರಿಸದೆ ವೈದ್ಯರಿಗೆ ತೋರಿಸಿರಿ. ಬಿ-೧೨ ಜೀವಸತ್ವದ ಕೊರತೆ, ಥೈರಾಯಿಡ್ ಗ್ರಂಥಿಯ ದೋಷ, ಮನಸ್ಸಿನ ಖಿನ್ನತೆ, ಕೆಲವು ಔಷಧಗಳ ಪರಿಣಾಮ, ಇವುಗಳಿಂದಲೂ ಮರೆವು ಬರುತ್ತದೆ. ಅಂಥದಕ್ಕೆ ಚಿಕಿತ್ಸೆಯಿದೆ. ಆಲ್ಜೈಮರ್ ರೋಗವೇ ಆಗಿದ್ದರೆ ಅದನ್ನು ಪೂರ್ತಿಯಾಗಿ ಗುಣಪಡಿಸುವ ಔಷಧ ಇನ್ನೂ ಬಂದಿಲ್ಲ. ಆಗ ಅವರ ತಪ್ಪನ್ನು ವಾದಿಸಿ ತಿದ್ದಲು ಹೋಗಬೇಡಿರಿ. ಕದ್ದೆಯೆಂದು ಅವರು ಅಂದರೆ, ನಾವೂ ಹುಡುಕೋಣ ಬನ್ನಿರಿ ಎನ್ನಿರಿ. ಅವರ ಕೈಗೆ ರೂಢಿಯಿದ್ದ ಕೆಲಸವನ್ನು ಕೈಯಿಂದ ಕಸಿಯಬೇಡಿರಿ. ಬತ್ತಿ ಹೊಸೆಯುವವರು ಹೊಸೆಯಲಿ, ಕಾಳು ಆರಿಸುವವರು ಆರಿಸಲಿ, ಪೂಜೆ ಮಾಡುವವರು ಮಾಡಲಿ. ತಲೆ ಕೈಬಿಟ್ಟ ಮನುಷ್ಯನಿಗೆ ಕೈಯೇ ಆಸರೆ. ಮರೆತುಬಿಡುತ್ತಾರೆಂಬ ಧೈರ್ಯದಿಂದ ಮಾತ್ರ ಒಂದು ಬಿರುನುಡಿಯನ್ನೂ ಆಡಬೇಡಿರಿ. ನೀವು ತೋರಿದ ಅಕ್ಕರೆಯೂ ಹಾಗೆಯೇ ವ್ಯರ್ಥವಾಗುವುದಿಲ್ಲ. ಮಗಳು ಊರಿಂದ ಬಂದುಹೋದದ್ದು ತಾಯಿಗೆ ಮರೆತೀತು. ಆದರೆ ಬಂದುದರ ಹಿತ ಆಕೆಯ ಮುಖದ ಮೇಲೆ ಆ ಸಂಜೆ ಇದ್ದೇ ಇರುತ್ತದೆ.

ಹೆನ್ರಿ ಮೊಲೈಸನ್ ೨೦೦೮ರ ಡಿಸೆಂಬರ್ ೨ರಂದು, ತನ್ನ ೮೨ನೆಯ ವಯಸ್ಸಿನಲ್ಲಿ ತೀರಿಕೊಂಡನು. ಅದುವರೆಗೆ ಎಚ್.ಎಂ. ಎಂಬ ಎರಡಕ್ಷರಗಳಿಂದ ಮಾತ್ರ ವಿದ್ವತ್ ಲೋಕ ಆತನನ್ನು ಅರಿತಿತ್ತು. ಮರುವರ್ಷ ಸ್ಯಾನ್ ಡಿಯಾಗೊ ನಗರದಲ್ಲಿ ಆತನ ಮಿದುಳನ್ನು ೨,೪೦೧ ತೆಳುಪದರಗಳಾಗಿ ಕತ್ತರಿಸಿ ಅಧ್ಯಯನಕ್ಕಾಗಿ ಇರಿಸಿದರು. ತನಗೆ ಏನೂ ನೆನಪುಳಿಯದಿದ್ದ ಆ ಪುಣ್ಯಾತ್ಮನು, ನೆನಪೆಂದರೇನೆಂಬುದನ್ನು ಜಗತ್ತಿಗೆ ಕಲಿಸಿ ಹೋದನು.

ನಮಗೆ ಕಲಿಸಿದವರು ನಮ್ಮ ಗುರುಗಳು. ಆ ಸಂಜೆ ನಾವು ಅವರ ಪಾದ ಹಿಡಿದು, ತಪ್ಪು ನಿಮ್ಮದಲ್ಲ, ನಮ್ಮದು ಎಂದು ಹೇಳಿದ್ದೆವು. ಅವರು ನಕ್ಕು ತಲೆ ಸವರಿ, 'ನೀನೇನು ಮಾಡೀಯೋ ತಮ್ಮಾ?' ಎಂದಿದ್ದರು. ಆ ಕ್ಷಮೆಯನ್ನೂ ಅವರು ಗಳಿಗೆಯಲ್ಲಿ ಮರೆತರು. ನಾವು ಮರೆತಿಲ್ಲ. ಈಗ ನಮಗೂ ಅರವತ್ತು ದಾಟಿದೆ. ಪರಿಚಿತರ ಹೆಸರು ನಾಲಿಗೆಯ ತುದಿಗೆ ಬಂದು ಒಮ್ಮೊಮ್ಮೆ ನಿಂತುಬಿಡುತ್ತದೆ. ನಾಳೆ ನಾವೂ ಯಾರದೋ ಬಾಗಿಲಲ್ಲಿ ನಿಂತು, ಊರ ಬಸ್ಸು ಹೋಯಿತೇ ಎಂದು ಎಂಟನೆಯ ಸಲ ಕೇಳಬೇಕಾದೀತು. ಅಂದು ಒಳಗೆ ಕುಳಿತವರು ಲೇಖನಿಯನ್ನು ಕೆಳಗಿಟ್ಟು, ನಾಳೆ ಇದೆ ಬನ್ನಿರಿ, ಕುಳಿತುಕೊಳ್ಳಿರಿ ಎಂದಾರೆಂಬುದೇ ನಮ್ಮ ಹಾರೈಕೆ.